ಬಾಟಲಿಗೆ ಬೆರೆಸಿದ ನೀರು

ಜೂನ್ ೮, ಭಾನುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ಮಂಡಿನೋವು ಈಗ ಹೇಗಿದೆ? ನೀನು ಬರೆದ ಎರಡು ಕಾಗದಕ್ಕೂ ಉತ್ತರಿಸದೆ ಕೂತವಳು ನಾನು. ಬೈದುಬಿಡು. ಬೈಸಿಕೊಳ್ಳುವುದಕ್ಕಾದರೂ ನಿನ್ನನ್ನು ಬಿಟ್ಟರೆ ಯಾರಿದ್ದಾರೆ ನನಗೆ? ಮೂರು ದಿನದಿಂದ ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ. ಮಾತು ಕೂಡಿಬರುತ್ತಿಲ್ಲ.

ಇವರ ಕೈ ವಿಷಯ ನಿನಗೆ ಗೊತ್ತಲ್ಲ. ವಾಚ್ ರಿಪೇರಿಯವರ ಕೈ. ಬೆಳಗ್ಗೆ ಒಂದಿಷ್ಟು ಒಳಗೆ ಹೋಗದಿದ್ದರೆ ಚಿಮಟದಲ್ಲಿ ಸ್ಕ್ರೂ ನಿಲ್ಲುವುದಿಲ್ಲ. "ಇದು ಕುಡಿತ ಅಲ್ಲ ಕಣೇ, ಮೆಷಿನ್‌ಗೆ ಎಣ್ಣೆ ಬಿಡೋದು" ಎನ್ನುತ್ತಾರೆ. ಬೆಳಗಿನದು ಮಧ್ಯಾಹ್ನಕ್ಕೂ ಸಂಜೆಗೂ ಹಬ್ಬಿತು. ಹೋದ ತಿಂಗಳು ನಾನೊಂದು ಉಪಾಯ ಹೂಡಿದೆ, ನಿನಗೂ ಹೇಳಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಬಾಟಲಿಯಿಂದ ಒಂದು ಲೋಟ ಚೆಲ್ಲಿ ಅಷ್ಟೇ ನೀರು ಬೆರೆಸುವುದು.

ಗುರುವಾರ ಏನು ಕುಡಿದರೂ ಕೈ ನಿಲ್ಲಲಿಲ್ಲವಂತೆ. ಬಾಟಲಿ ಹಿಡಿದು ನೇರ ಎದುರಿನ ಬ್ರಾಂದಿ ಅಂಗಡಿಗೇ ಹೋದರು.

"ಏನ್ರೀ, ನೀರು ಮಾರ್ತಿದೀರಾ?"

"ಸೀಲ್ ಒಡೆದಿದ್ದು ನೀವು ಸ್ವಾಮಿ, ಮನೇಲಿ ವಿಚಾರಿಸಿ ನೋಡಿ" ಎಂದ ಅಂಗಡಿಯವನು.

ಬೀದಿಯೇ ನಕ್ಕಿತು. ಕಿಟಕಿಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಾನೂ ನಕ್ಕೆ ಅಕ್ಕ, ಸುಳ್ಳು ಹೇಳುವುದಿಲ್ಲ.

ವಾಪಸು ಬಂದವರು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ "ಯಾರು?" ಎಂದರು.

"ನಾನೇ" ಎಂದೆ.

"ನಾನೇ ಅಪ್ಪ" ಎಂದಳು ಚೂಟಿ, ಸ್ಕೂಲ್ ಬ್ಯಾಗ್ ಇನ್ನೂ ಹೆಗಲ ಮೇಲೆ.

ನನ್ನನ್ನು ಉಳಿಸಲು ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. "ಒಳಗೆ ಹೋಗೇ" ಎಂದು ಗದರಿದೆ. ಅವಳು ನನ್ನ ಕಡೆ ತಿರುಗಿದಳು. "ಅಮ್ಮ, ನೀನೂ ಹಾಕ್ತಿದ್ಯಾ? ಬರೀ ನೀರಾ? ಅಯ್ಯೋ, ಅದಕ್ಕೇ ಸಿಕ್ಕಿಬಿದ್ವಿ! ಬಣ್ಣ ತೆಳ್ಳಗಾಗತ್ತಮ್ಮ. ನಾನು ಟೀ ಡಿಕಾಕ್ಷನ್ ಸೇರಿಸ್ತೀನಿ."

ಹೋಂವರ್ಕ್‌ನಲ್ಲಿ ನನ್ನ ತಪ್ಪು ತಿದ್ದುವ ಹಾಗೆ ಹೇಳಿದಳು. ಅವಳಿಗೆ ಹತ್ತು ವರ್ಷ, ಅಕ್ಕ.

"ಯಾವಾಗಿಂದ?" ಎಂದರು ಇವರು.

"ಮೂರನೇ ಕ್ಲಾಸಿಂದ."

ಈಗ ಐದನೇ ಕ್ಲಾಸು. ನನಗೆ ಹೋದ ತಿಂಗಳು ಹೊಳೆದದ್ದು ಆ ಮಗುವಿಗೆ ಎರಡು ವರ್ಷದ ಹಿಂದೆಯೇ ಹೊಳೆದಿತ್ತು. ಕವಿತೆ ಬರೆಯುವವಳು ನಾನು, ಸಾಲಿನಲ್ಲಿ ಒಂದು ಮಾತ್ರೆ ಜಾರಿದರೂ ನನ್ನ ಕಿವಿ ಹಿಡಿಯುತ್ತದೆ ಎಂದು ಬೀಗುತ್ತಿದ್ದೆನಲ್ಲ! ನನ್ನದೇ ಅಡುಗೆಮನೆಯಲ್ಲಿ ಪುಟ್ಟ ಹೆಜ್ಜೆಗಳು ಓಡಾಡಿದ್ದು ಕೇಳಿಸಲಿಲ್ಲ.

ಸಂಜೆ ಇವರು ತಾವೇ ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿ, ಬುಧವಾರ ಸೇರುತ್ತೇನೆ ಎಂದರು. ಹೀಗೆ ಹೇಳಿದ್ದು ಇದು ನಾಲ್ಕನೇ ಸಲ. ನಂಬುತ್ತೇನೆ, ಆದರೆ ನಂಬಿಕೊಂಡು ಸುಮ್ಮನೆ ಕೂರಲಾರೆ. ಚೂಟಿಯನ್ನು ಕೆಲವು ತಿಂಗಳು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಅವಳು ಒಪ್ಪುತ್ತಿಲ್ಲ. "ನಾನು ಹೋದ್ರೆ ಅಪ್ಪನ್ನ ಯಾರು ನೋಡ್ಕೋತಾರೆ? ನಿಂಗೆ ಸರಿಯಾಗಿ ಬೆರೆಸೋಕೂ ಬರಲ್ಲ" ಎನ್ನುತ್ತಾಳೆ.

ಭಾವನಿಗೆ ನಮಸ್ಕಾರ. ನಿನ್ನ ಮಗ ಸೊಸೆಗೆ ಆಶೀರ್ವಾದ. ಅವರ ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಯಾವ ಸದ್ದಿಗೂ ಬೆಚ್ಚದೆ ಮಲಗಲಿ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು ನೀನು. ಚೂಟಿಯನ್ನು ಯಾವ ಡಾಕ್ಟರ ಹತ್ತಿರ ಕರೆದೊಯ್ಯಲಿ ಎಂದು ಕೂಡಲೇ ತಿಳಿಸು. ಈ ಬೆಳಗ್ಗೆ ಅವಳ ತಲೆ ಬಾಚುತ್ತಾ, ಡಿಕಾಕ್ಷನ್ ಎಷ್ಟು ಹಾಕಬೇಕೆಂದು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. "ರುಚಿ ನೋಡ್ತಿದ್ದೆ. ಬೆರೆಸೋಕೆ ಮುಂಚೆ ಒಂದು ಚಮಚ, ಬೆರೆಸಿದ ಮೇಲೆ ಒಂದು ಚಮಚ" ಎಂದಳು. ಬಾಚಣಿಗೆ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಅವಳು ತಿರುಗಿ ನನಗೇ ಧೈರ್ಯ ಹೇಳಿದಳು: "ಹೆದರ್ಕೋಬೇಡಮ್ಮ, ಮೊದಮೊದಲು ಗಂಟಲು ಉರೀತಿತ್ತು. ಈಗ ಏನೂ ಅನ್ಸಲ್ಲ."