ಗೋಲು ಬಿದ್ದಾಗೆಲ್ಲ ನೀನೇ ಇದ್ದೆ

ಅಕ್ಕಾ,

ನಿಪ್ಪಾಣಿ ಮೈದಾನದ ಆ ಹಾಕಿ ಪಂದ್ಯಗಳು ನೆನಪಿವೆಯಾ? ನಾನು ಗೋಲ್‌ಕೀಪರ್, ನೀನು ನನ್ನ ಮುಂದೆ ನಿಂತು ತಡೆಯುವ ಫುಲ್‌ಬ್ಯಾಕ್. ಆಟ ನಮ್ಮ ಹಿಡಿತದಲ್ಲಿದ್ದಾಗ ನಮ್ಮ ಕೋಚ್ ಸರ್ ನಿನ್ನನ್ನು ಬೆಂಚಿಗೆ ಕರೆದು ನಿನ್ನ ಜಾಗಕ್ಕೆ ಅಶ್ವಿನಿಯನ್ನು ಇಳಿಸುತ್ತಿದ್ದರು. ಎದುರಿನವರ ಗಟ್ಟಿ ಆಟಗಾರ್ತಿ ಚೆಂಡು ಹಿಡಿದು ನುಗ್ಗತೊಡಗಿದರೆ ಮಾತ್ರ, "ಸುಜಾತಾ, ಓಡ! ಆಕಿನ್ನ ಬಿಡಬ್ಯಾಡ!" ಎಂಬ ಕೂಗು. ನೀನು ಬಾಯಿಗೆ ನೀರು ಸಹ ಹಾಕಿಕೊಳ್ಳದೆ ಓಡಿ ಬರುತ್ತಿದ್ದೆ.

ರಾಜ್ಯ ತಂಡದ ಆಯ್ಕೆಯ ದಿನ ನಾನೂ ನಿನ್ನ ಪಕ್ಕದಲ್ಲೇ ನಿಂತಿದ್ದೆ. ಆಯ್ಕೆ ಮಾಡಲು ಬಂದಿದ್ದ ಆ ದಪ್ಪ ಮೀಸೆಯವರು ಸರ್ ಕಡೆ ತಿರುಗಿ, "ಈ ಹುಡುಗಿ ಒಳಗ ಇದ್ದಾಗನ ಗೋಲ್ ಹೆಚ್ಚ ಬಿದ್ದಾವಲ್ರಿ. ಅಶ್ವಿನಿ ಇದ್ದಾಗ ಬಿದ್ದ ಇಲ್ಲ ಅನ್ನೂವಂಗ ಐತಿ" ಎಂದರು. ಬೆಂಕಿ ಬಿದ್ದಲ್ಲಿಗೆಲ್ಲ ಓಡುವವಳನ್ನು ಹಿಡಿದು, ಬೆಂಕಿ ಬಿದ್ದಾಗೆಲ್ಲ ಇವಳೇ ಇರುತ್ತಾಳೆ ಎಂದ ಹಾಗೆ! ಸರ್ ತಮ್ಮ ಬೂಟು ನೋಡಿಕೊಂಡರು. ಒಂದು ಮಾತು... ಒಂದೇ ಒಂದು ಮಾತು ಆಡಬಾರದಿತ್ತೇ?

ಅಂದು ನಮ್ಮೂರು ದಿಗ್ಗೇವಾಡಿಗೆ ಬಂದಾಗ ಅವ್ವ ಹೊತ್ತು ಮುಳುಗುವ ಮುನ್ನ ಉಣ್ಣಲಿ ಎಂದು ರೊಟ್ಟಿ, ಪಲ್ಯ ಬಡಿಸಿಟ್ಟಿದ್ದಳು. ನೀನು ಹಿತ್ತಲ ಕಟ್ಟೆಯ ಮೇಲೆ ಕೂತೇ ಇದ್ದೆ. ಹೊತ್ತು ಮುಳುಗಿತು, ನಮ್ಮ ಜೈನರ ಮನೆಯಲ್ಲಿ ಇನ್ನು ಉಣ್ಣುವಂತಿಲ್ಲ. ನಾನು ಆ ಮೀಸೆಯವರನ್ನು ಬೈಯುತ್ತಿದ್ದರೆ ನೀನು ಮೆಲ್ಲಗೆ, "ತ್ರಿಶಲಾ, ಅವರ ಅಂದದ್ದ ಖರೇ ಇರಬೇಕ ಬಿಡ. ನಾ ಇದ್ದಾಗನ ಬಿದ್ದಾವಲ್ಲ" ಎಂದೆ. ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ನೀನು ಸ್ಟಿಕ್ ಮುಟ್ಟಲಿಲ್ಲ. ಮದುವೆಯಾಗಿ ಕಾಗವಾಡಕ್ಕೆ ಹೋದೆ. ಹಿಂದಿನ ದೀಪವಿಲ್ಲದ ಒಂದು ಕಬ್ಬಿನ ಟ್ರಾಲಿ ಸಂಜೆಗತ್ತಲಲ್ಲಿ ರಸ್ತೆ ಮೇಲೆ ನಿಂತಿತ್ತು, ನಿನ್ನ ಸ್ಕೂಟಿ... ನಿನ್ನಿಂದಲೇ ಗೋಲು ಬಿದ್ದವು ಎಂಬ ಆ ಸುಳ್ಳನ್ನು ನಂಬಿಕೊಂಡೇ ಕಣ್ಣು ಮುಚ್ಚಿದೆ.

ಈಗ ನನ್ನ ಕೆಲಸ ಏನು ಗೊತ್ತಾ? ಪಂದ್ಯದ ವಿಡಿಯೋ ನೋಡಿ ಲೆಕ್ಕ ಹಾಕುವುದು. ಬರೀ ಗೋಲಿನ ಲೆಕ್ಕವಲ್ಲ. ಕೋಚ್ ಯಾರನ್ನು ಯಾವಾಗ ಇಳಿಸಿದರು, ಯಾರ ಎದುರು, ಚೆಂಡು ಯಾವ ತುದಿಯಲ್ಲಿದ್ದಾಗ, ಅದೆಲ್ಲ ಸೇರಿಸಿ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸುತ್ತೇವೆ. ಕಷ್ಟದಲ್ಲಿ ಆಡಿದವಳನ್ನೂ ಸುಖದಲ್ಲಿ ಆಡಿದವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ಈಗ ಈ ಕೆಲಸದವರಿಗೆಲ್ಲ ಹೊಳೆದಿದೆ. ಆಗ ಯಾಕೆ ಹೊಳೆಯಲಿಲ್ಲ?

ಅಶ್ವಿನಿಯ ಮನೆಯಲ್ಲಿ ನಮ್ಮ ಹಳೆಯ ಪಂದ್ಯಗಳ ವಿಡಿಯೋ ಇದ್ದವು. ಕೇಳಿದ ಕೂಡಲೇ ಕೊಟ್ಟಳು. "ಬಿರುಸಿನ ಆಟದಾಗ ನನ್ನ ಯಾವಾಗ ಕಳಿಸ್ಯಾರ ಹೇಳ? ನಿಮ್ಮಕ್ಕ ಇದ್ಲಂತ ನಾ ಉಳದ್ನಿ" ಎಂದಳು. ಕೂತು ನೋಡಿದೆ. ಎಲ್ಲೋ ಒಮ್ಮೊಮ್ಮೆ ಅದೇ ಗಟ್ಟಿ ಆಟಗಾರ್ತಿಯರು ಅಶ್ವಿನಿ ಇದ್ದಾಗಲೇ ನುಗ್ಗಿದರೆ, ನೀನು ಓಡಿ ಬರುವಷ್ಟರಲ್ಲಿ ನಮ್ಮ ಗೋಲು ತೆರೆದ ಬಾಗಿಲಾಗುತ್ತಿತ್ತು. ನೀನು ಬಂದ ಮೇಲೆ ಮುಚ್ಚುತ್ತಿತ್ತು. ನಿನ್ನಷ್ಟು ಕಷ್ಟದ ಹೊತ್ತಿನಲ್ಲಿ ಆ ಪಂದ್ಯಗಳಲ್ಲಿ ಬೇರೆ ಯಾವ ಫುಲ್‌ಬ್ಯಾಕೂ ಆಡಿರಲಿಲ್ಲ, ಅಕ್ಕಾ.

ಲ್ಯಾಪ್‌ಟಾಪ್ ಹಿಡಿದು ಅಥಣಿಗೆ, ಸರ್ ಮನೆಗೆ ಹೋದೆ. ಪೂರ್ತಿ ನೋಡಿ, "ನಂಗ ಗೊತ್ತಿತ್ತವಾ. ಅದಕ್ಕ ಆಕಿನ್ನ ಇಳಸ್ತಿದ್ನಿ" ಎಂದರು.

"ಮತ್ತ ಆವತ್ತ ಬಾಯಿ ಇರಲಿಲ್ಲೇನ್ರಿ, ಸರ್?"

"ಚಾ ತಗೋ, ಆರಾಕತ್ತೈತಿ."

ಕುಡಿಯದೆ ಎದ್ದು ಬಂದೆ.

ಇನ್ನೊಂದು ಸುದ್ದಿ ನಿನಗೆ ಗೊತ್ತಿಲ್ಲ. ಈ ಸಲ ಲೆಕ್ಕದವಳಾಗಿ ನಾನೂ ಇದ್ದ ರಾಜ್ಯ ತಂಡದ ಆಯ್ಕೆಯಲ್ಲಿ ತೆಲಸಂಗದ ಒಬ್ಬ ಹುಡುಗಿಯ ಮೇಲೆ ಅದೇ ದೂರು ಬಂತು: ಅವಳಿದ್ದಾಗಲೇ ಗೋಲು ಬೀಳುತ್ತವೆ ಎಂದು. ನಾನು ಎದ್ದು ನಿಂತು ವಿಡಿಯೋ ಹಚ್ಚಿದೆ. ಅವಳನ್ನು ಯಾರ ಎದುರು, ಎಂಥ ಹೊತ್ತಿನಲ್ಲಿ ನಿಲ್ಲಿಸಿದ್ದರು ಎಂದು ಒಂದೊಂದಾಗಿ ತೋರಿಸಿದೆ. ಅವಳು ಆಯ್ಕೆಯಾದಳು. ಹೆಸರು ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಖುಷಿಪಡಬೇಕಿತ್ತು, ಅಲ್ಲವಾ? ನನಗೆ ಆಗಲಿಲ್ಲ. ಆ ಜಾಗದಲ್ಲಿ ನೀನಿರಬೇಕಿತ್ತು ಎಂಬುದೊಂದೇ ತಲೆಯಲ್ಲಿ. ಅವಳ ಬೆನ್ನ ಮೇಲೆ ಕೈ ಇಡಲೂ ಆಗಲಿಲ್ಲ, ಅಕ್ಕಾ.

ನಿನ್ನ
ತ್ರಿಶಲಾ