ಬಿಂದುವಿನ ವಿಲ್‌ನಲ್ಲಿ ನನ್ನ ಹೆಸರು

ಮಲ್ಲೇಶ್ವರಂ
೧೪ ಜೂನ್ ೨೦೨೫

ನನ್ನ ಬಿಂದೂ,

ಫೋನಿನಲ್ಲಾದರೆ ನಡುವೆ ಅಳು ಬರುತ್ತದೆ, ಅದಕ್ಕೇ ಈ ಕಾಗದ. ನನ್ನ ಕನ್ನಡ ಕಂಡು ನಗಬೇಡ. ಕಾನ್ವೆಂಟಿನಲ್ಲಿ ನಿನ್ನ ಪಕ್ಕ ಕೂತು ಕಲಿತದ್ದು ಇಷ್ಟೇ.

ಮೊದಲು ನನ್ನ ಸಂತೋಷ ಕೇಳಿಬಿಡು. ನಲವತ್ತೆರಡಕ್ಕೆ ಮದುವೆಯಾದವಳಿಗೂ ಹೀಗೆಲ್ಲ ಆಗುತ್ತದೆಂದು ಯಾರೂ ಹೇಳಿರಲಿಲ್ಲ. ಬದರಿ ಬೆಳಿಗ್ಗೆ ಕಾಫಿ ಬೆರೆಸಿ, ನಾನು ಏಳುವವರೆಗೆ ಲೋಟ ಹಿಡಿದು ಮಂಚದ ಪಕ್ಕ ನಿಂತಿರುತ್ತಾರೆ. ಅಷ್ಟರಲ್ಲಿ ಅದು ಆರಿಹೋಗಿರುತ್ತದೆ. ನನಗೆ ಅದೇ ರುಚಿ. ಕಾಲುಂಗುರ ನೆಲಕ್ಕೆ ತಾಗಿ ಸದ್ದಾದಾಗಲೆಲ್ಲ ಯಾರೋ ಬಂದರೆಂದು ತಿರುಗಿ ನೋಡುತ್ತೇನೆ, ನಾನೇ.

ಈಗ ನಿನ್ನ ವಿಷಯ. ನಿನ್ನ ಕಾಯಿಲೆ ಗೊತ್ತಾದಾಗ, ಒಂಟಿ ಹೆಂಗಸರಿಬ್ಬರು ಒಬ್ಬರಿಗೊಬ್ಬರು ಎಂದು ವಿಲ್ ಬರೆಸಿದೆವಲ್ಲ. ನಿನ್ನ ಎನ್.ಆರ್. ಕಾಲೋನಿಯ ಮನೆ ನನಗೆ, ನನ್ನ ಉಳಿತಾಯ ನಿನಗೆ. ಜೊತೆಗೆ, "ನನಗೆ ಕೊಳ್ಳಿ ಇಡುವವಳು ಆರಾಧನಾ, ಅಣ್ಣ ಮುಟ್ಟಕೂಡದು" ಎಂದು ನೀನು ಹಟ ಹಿಡಿದೆ. "ಇದನ್ನೆಲ್ಲ ವಿಲ್‌ನಲ್ಲಿ ಬರೀತಾರೇನ್ರೀ" ಎಂದು ಲಾಯರ್ ನಾರಾಯಣಮ್ಮ ಗೊಣಗಿಕೊಂಡೇ ಬರೆದರು. ನಿಮ್ಮಮ್ಮನ ವೈಕುಂಠ ಸಮಾರಾಧನೆಯ ಮರುದಿನ ನಿನ್ನ ಟ್ರಂಕನ್ನು ಬೀದಿಗಿಟ್ಟ ನಿನ್ನಣ್ಣ ಸಂಕರ್ಷಣನನ್ನು ನಾನೂ ನೋಡಿದ್ದೆ. ಮಾತು ಕೊಟ್ಟೆ.

ನಿನ್ನೆ ಅತ್ತೆ ತುಳಸಮ್ಮನವರಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಸೋಸುತ್ತಿದ್ದ ಹುರುಳಿಕಾಯಿ ಕೆಳಗಿಟ್ಟರು. "ಹೊಸ ಮುತ್ತೈದೆ ವರ್ಷ ತುಂಬೋವರೆಗೂ ಸಾವಿನ ಮನೆ ಮೆಟ್ಟಿಲು ಹತ್ತಲ್ಲ ಕಣಮ್ಮ. ನೀನು ಕೊಳ್ಳಿ ಇಡ್ತೀಯಾ? ನನಗಿರೋನು ಇವನೊಬ್ಬನೇ" ಎಂದರು. ಬಯ್ಯಲಿಲ್ಲ, ಬಿಂದೂ, ನನ್ನ ಕೈ ಹಿಡಿದುಕೊಂಡರು. ಅವರ ಹಿರಿಯ ಮಗ ಮದುವೆಯಾದ ವರ್ಷವೇ ತೀರಿಕೊಂಡವರು. ಬದರಿಯ ಮುಖ ನೋಡಿದೆ. "ಒಂದು ವರ್ಷ ತಾನೇ, ಅಮ್ಮನಿಗೋಸ್ಕರ" ಎಂದರು. ನಿನ್ನ ಮನೆ ಬೇಡವೆಂದು ಮಾತ್ರ ಇಬ್ಬರೂ ಹೇಳಲಿಲ್ಲ.

ಒಂದು ವರ್ಷ. ಈ ದೀಪಾವಳಿ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿದಾಗ ನಿನ್ನ ಪಕ್ಕದ ಕುರ್ಚಿಯಲ್ಲಿದ್ದವಳು ನಾನೇ.

ವಿಲ್‌ನಲ್ಲಿ ಕೊಳ್ಳಿ ಇಡುವ ಕಡೆ ನನ್ನ ಹೆಸರು ತೆಗೆಸಿ ಬೇರೆಯವರದನ್ನು ಬರೆಸು ಎನ್ನಲು ಕೂತೆ. ಯಾರದನ್ನು? ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿನ್ನ ಕೆಳಮನೆಯ ಶೈಲಜಮ್ಮ ನಿನ್ನ ಹೆಸರನ್ನೇ ಸರಿಯಾಗಿ ಹೇಳುವುದಿಲ್ಲ. ಇನ್ನು ಯಾರೂ ನೆನಪಾಗುತ್ತಿಲ್ಲ.

ಮುಂದಿನ ಭಾನುವಾರ ಬರುತ್ತೇನೆ, ಹೋಳಿಗೆ ತರುತ್ತೇನೆ. ನೀನು ಇರುವವರೆಗೆ ನಿನ್ನ ಮನೆಗೆ ಬರಲು ಯಾರ ಅಡ್ಡಿಯೂ ಇಲ್ಲ.

ಎಂದೆಂದಿಗೂ ನಿನ್ನವಳೇ ಆದ
ಆರಾಧನಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಮಧ್ಯಾಹ್ನ ಅತ್ತೆ ಸಂಕರ್ಷಣನಿಗೆ ಫೋನ್ ಮಾಡಿದರು. ಅವನು ಅತ್ತನಂತೆ. "ತಂಗಿ ಅಲ್ವೇ, ನಾನೇ ಎಲ್ಲ ಮಾಡ್ತೀನಿ" ಅಂದನಂತೆ. ಅತ್ತೆಗೆ ನೆಮ್ಮದಿಯಾಗಿದೆ. ಅವನ ನಂಬರ್ ಕೇಳಿದ್ದರು, ಕೊಟ್ಟವಳು ನಾನೇ.