ಸಾಹೇಬರ ವಾಕಿಂಗ್

ಕುವೈತ್,
ಸೆಪ್ಟೆಂಬರ್ 1990

ಪ್ರೀತಿಯ ಅಕ್ಕ,

ಇರಾಕಿ ಸಿಪಾಯಿಗಳಿಗೆ ಕನ್ನಡ ಓದಲು ಬಾರದು ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಇವತ್ತು ಊರಿಗೆ ಹೊರಟ ಪಕ್ಕದ ಮನೆಯವರು ಕಾಗದ ತಲುಪಿಸುತ್ತಾರೆ.

ನಮ್ಮ ಯಜಮಾನರ ಆಫೀಸಿನ ಇಂಗ್ಲಿಷ್ ಸಾಹೇಬರು ನಮ್ಮ ಫ್ಲ್ಯಾಟಿನಲ್ಲೇ ಅಡಗಿದ್ದಾರೆ. ಇಂಗ್ಲಿಷರನ್ನು ಇರಾಕಿಗಳು ಕಂಡಲ್ಲಿ ಹಿಡಿದೊಯ್ಯುತ್ತಿದ್ದಾರೆ. ಸಾಹೇಬರು ಸಿಕ್ಕಿಬಿದ್ದರೆ ನಮ್ಮನ್ನೂ ಬಿಡುವುದಿಲ್ಲ.

ತಲೆ ಕೆಡಬಾರದೆಂದು ಅವರು ದಿನಾ ಬರಿಗಾಲಲ್ಲಿ ಮನೆಯೊಳಗೇ ತಮ್ಮೂರಿನ ಗುಡ್ಡದ ದಾರಿ ನಡೆಯುತ್ತಾರೆ. ಸೋಫಾ ಹತ್ತಿರ ಹಳೇ ಇಗರ್ಜಿಯಂತೆ, ಫ್ರಿಜ್ ಹತ್ತಿರ ರೋಮನ್ನರ ಕಾಲದ ರಸ್ತೆಯಂತೆ. ಅಡುಗೆಮನೆಯ ಹೊಸ್ತಿಲೇ ಹೊಲದ ಬೇಲಿ. ಅದನ್ನು ತುಳಿಯದೆ ದಾಟುತ್ತಾರೆ. ಅಮ್ಮ ನೋಡಿದರೆ ಮೆಚ್ಚಿಯಾರು.

ನಿನ್ನೆ ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿತು. ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಸಾಹೇಬರು ಇಳಿಸಲೇ ಇಲ್ಲ. ನಾನು ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತೆ, ಸಾಸಿವೆ ಸೀದುಹೋಯಿತು. ಬೂಟುಗಳು ಮೇಲಿನ ಮನೆಗೆ ಹೋದವು.

ಊರಿಗೆ ಬರಲು ನಾಳೆ ಜೋರ್ಡಾನ್ ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿದೆ. ಸಾಹೇಬರು ಬರುವಂತಿಲ್ಲ. ಅವರಿಗೆ ಅಕ್ಕಿ, ನೀರು ತುಂಬಿಸಿಟ್ಟಿದ್ದೇನೆ. ಮನೆ ಖಾಲಿ ಅನ್ನಿಸಬೇಕು, ಹೊರಗಿನಿಂದ ಬೀಗ ಹಾಕಿ ಹೋಗಿ ಎಂದು ಅವರೇ ಹೇಳಿದರು.

ಅಕ್ಕ, ನಾನು ಬಂದಮೇಲೆ ಸ್ವಲ್ಪ ದಿನ ಬಾಗಿಲಿಗೆ ಬೀಗ ಹಾಕುವ ಕೆಲಸ ನನಗೆ ಹೇಳಬೇಡ.

ನಿನ್ನ ತಂಗಿ,
ಕುಸುಮಾವತಿ